ಮೊದಲ ವರ್ಷ ಕಲಿಸುವ ಆಸ್ಪತ್ರೆ ಸಿಗಲಿ: ಹೊಸ ನರ್ಸ್‌ಗಳಿಗೆ ಯಶಸ್ಸಿನ ಸೂತ್ರಗಳು

ನರ್ಸಿಂಗ್ ಮುಗಿಸಿದವರಿಗೆ ಉಡುಪಿ ಜಿಲ್ಲೆಯಲ್ಲಿ ಕೆಲಸ ಸಿಗುವುದು ಅಂಥ ಕಷ್ಟವೇನಲ್ಲ. ಕಷ್ಟವಿರುವುದು ಒಳ್ಳೆಯ ಮೊದಲ ವರ್ಷ ಸಿಗುವುದರಲ್ಲಿ. ಕಾಲೇಜಿನಲ್ಲಿ ಪಕ್ಕದಲ್ಲಿ ಟ್ಯೂಟರ್ ಇರುತ್ತಿದ್ದರು, ಒಬ್ಬ ರೋಗಿಯ ಕೇಸ್ ಸ್ಟಡಿಗೆ ವಾರವೇ ಸಿಗುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಅದೇ ಹುಡುಗಿಯ ಕೈಗೆ ಅರ್ಧ ವಾರ್ಡ್ ಬರುತ್ತದೆ. ಈ ಆಘಾತವನ್ನು ‘ರಿಯಾಲಿಟಿ ಶಾಕ್’ ಎಂದು ಕರೆದು ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ಪುಸ್ತಕ ಬರೆದರು. ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಈಗ ಹೊಸಬರಿಗಾಗಿಯೇ ವರ್ಷವಿಡೀ ನಡೆಯುವ ‘ನರ್ಸ್ ರೆಸಿಡೆನ್ಸಿ’ ಇದೆ. ನಮ್ಮಲ್ಲಿ ಆ ಹೆಸರು ರೂಢಿಯಲ್ಲಿಲ್ಲ. ಇಂಡಕ್ಷನ್, ಓರಿಯೆಂಟೇಶನ್, ಟ್ರೈನಿ, ಪ್ರೊಬೇಷನ್ ಎಂದು ಒಂದೊಂದು ಕಡೆ ಒಂದೊಂದು ಹೆಸರು. ಕೆಲವು ಕಡೆ ಅದು ನಿಜವಾದ ತರಬೇತಿ, ಕೆಲವು ಕಡೆ ಕಡಿಮೆ ಸಂಬಳ ಕೊಡುವುದಕ್ಕೊಂದು ನೆಪ. ಇವೆರಡರ ವ್ಯತ್ಯಾಸ ಗುರುತಿಸಿ, ಮೊದಲನೆಯದಕ್ಕೆ ಆಯ್ಕೆಯಾಗುವುದು ಹೇಗೆ ಎಂಬುದಷ್ಟೇ ಇಲ್ಲಿನ ಮಾತು.

1. ಸಂಬಳಕ್ಕಿಂತ ಮೊದಲು ವಾರ್ಡ್ ನೋಡಿ

ಎರಡು ಆಸ್ಪತ್ರೆಗಳಿಂದ ಕರೆ ಬಂದು, ಒಂದರಲ್ಲಿ ತಿಂಗಳಿಗೆ ಎರಡು ಸಾವಿರ ಹೆಚ್ಚು ಎಂದಾದರೆ ಮನೆಯಲ್ಲಿ ಎಲ್ಲರೂ ಅದಕ್ಕೇ ಸೇರು ಎನ್ನುತ್ತಾರೆ. ಶಿಕ್ಷಣ ಸಾಲದ ಕಂತು ತಲೆಯ ಮೇಲಿರುವಾಗ ಅವರ ಮಾತಿನಲ್ಲಿ ತಪ್ಪಿಲ್ಲ. ಆದರೂ ಒಮ್ಮೆ ವಿಚಾರಿಸಿ: ಆ ಎರಡು ಸಾವಿರ ಕೊಡುವ ಕಡೆ ಸೇರಿದ ಎರಡನೇ ವಾರವೇ ರಾತ್ರಿ ಡ್ಯೂಟಿಗೆ ಒಬ್ಬರನ್ನೇ ಹಾಕುತ್ತಾರೆಯೇ? ಮೊದಲ ವರ್ಷ ಸರಿಯಾಗಿ ಕಲಿತವರಿಗೆ ಮುಂದಿನ ಇಪ್ಪತ್ತು ವರ್ಷ ಯಾವ ಊರಿನಲ್ಲೂ ಕೆಲಸ ಇದೆ. ಹೆದರಿಕೊಂಡೇ ಮೊದಲ ವರ್ಷ ಕಳೆದ ಎಷ್ಟೋ ಜಾಣ ಮಕ್ಕಳು ವೃತ್ತಿಯನ್ನೇ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದತೊಡಗಿದ್ದನ್ನು ಕಂಡಿದ್ದೇನೆ. ಅದು ಅವರೊಬ್ಬರ ನಷ್ಟವಲ್ಲ, ಊರಿನ ನಷ್ಟ.

2. ಆಸ್ಪತ್ರೆಯ ಗುಣ ತಿಳಿದು ಅರ್ಜಿ ಹಾಕಿ

ಮಣಿಪಾಲ, ಉಡುಪಿ, ಕಾರ್ಕಳ, ಕಾಪು ಈ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚಿನ ದೂರವಿಲ್ಲ. ಕೆಲಸದ ರೀತಿ ಮಾತ್ರ ಪೂರ್ತಿ ಬೇರೆ.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ 1961ರಲ್ಲಿ ಆರಂಭವಾದದ್ದು. ಇಂದು ಅಲ್ಲಿ 2,000ಕ್ಕೂ ಹೆಚ್ಚು ಹಾಸಿಗೆಗಳಿವೆ. ವೈದ್ಯಕೀಯ ಕಾಲೇಜು, ನರ್ಸಿಂಗ್ ಕಾಲೇಜು ಎರಡೂ ಅದೇ ಆವರಣದ ಆಸುಪಾಸಿನಲ್ಲಿವೆ. ಇಷ್ಟು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಪ್ರತಿಯೊಂದಕ್ಕೂ ಲಿಖಿತ ಪ್ರೊಟೋಕಾಲ್, ಪ್ರತಿಯೊಂದಕ್ಕೂ ಚೆಕ್‌ಲಿಸ್ಟ್. ಐಸಿಯು, ಡಯಾಲಿಸಿಸ್, ಆಂಕಾಲಜಿ ಎಂದು ಒಂದು ವಿಭಾಗದಲ್ಲಿ ಆಳವಾಗಿ ಕಲಿಯಬಹುದು. ಕೊರತೆಯೂ ಇದೆ. ನವಜಾತ ಶಿಶುಗಳ ಐಸಿಯುಗೆ ಹೋದವರಿಗೆ ಎರಡು ವರ್ಷ ದೊಡ್ಡವರ ಕ್ಯಾನುಲಾ ಹಾಕುವ ಅವಕಾಶವೇ ಸಿಗದಿರಬಹುದು.

ಉಡುಪಿ ಪೇಟೆಯಲ್ಲಿ ಚಿತ್ರ ಬೇರೆ. ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ, ಆದರ್ಶ, ಮಿತ್ರ, ಹೈಟೆಕ್‌ನಂಥ ಖಾಸಗಿ ಆಸ್ಪತ್ರೆಗಳಿವೆ, ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆ ಇದೆ. ನೂರು ವರ್ಷ ದಾಟಿದ ಆ ಆಸ್ಪತ್ರೆಯನ್ನು ಊರಿನವರು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಇಂಥ ಮಧ್ಯಮ ಗಾತ್ರದ ಆಸ್ಪತ್ರೆಗಳಲ್ಲಿ ವೈದ್ಯರ ಜತೆ ನೇರ ಒಡನಾಟ ಹೆಚ್ಚು. ರೌಂಡ್ಸ್‌ನಲ್ಲಿ ನೀವು ಹೇಳಿದ್ದನ್ನು ಕೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ.

ಕಾರ್ಕಳದಲ್ಲಿ ತಾಲ್ಲೂಕು ಆಸ್ಪತ್ರೆ, ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆಯಂಥವು ಘಟ್ಟದ ಕೆಳಗಿನ ಹಳ್ಳಿಗಳಿಗೆ ಮೊದಲ ಆಸರೆ. ಕಾಪು, ಶಿರ್ವ, ಪಡುಬಿದ್ರಿಯ ಸಣ್ಣ ಆಸ್ಪತ್ರೆಗಳಿಗೆ ಹೆದ್ದಾರಿ 66ರ ಅಪಘಾತಗಳು ಬರುತ್ತವೆ. ಇಲ್ಲಿ ಒಬ್ಬ ನರ್ಸ್ ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಡ್ರೆಸ್ಸಿಂಗ್, ಸಂಜೆ ಹೆರಿಗೆ, ರಾತ್ರಿ ಕ್ಯಾಶುವಾಲ್ಟಿ ಎಲ್ಲವನ್ನೂ ನೋಡಬೇಕಾಗಬಹುದು. ಕೈ ಪಳಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಒಬ್ಬ ಅನುಭವಿ ಸಿಸ್ಟರ್ ಜತೆಗಿದ್ದರೆ ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಎರಡು ವರ್ಷ ಶಿಸ್ತು ಕಲಿಸುವ ದೊಡ್ಡ ಅಥವಾ ಮಧ್ಯಮ ಆಸ್ಪತ್ರೆ, ಆಮೇಲೆ ಬೇಕಾದರೆ ಊರಿನ ಸಣ್ಣ ಆಸ್ಪತ್ರೆ. ಉಲ್ಟಾ ಮಾಡಿದವರೂ ಚೆನ್ನಾಗಿ ಬೆಳೆದಿದ್ದಾರೆ, ಆದರೆ ಅವರಿಗೆ ಬಿದ್ದ ಶ್ರಮ ಹೆಚ್ಚು.

3. ಫಲಿತಾಂಶ ಬಂದ ವಾರವೇ ನೋಂದಣಿಗೆ ಓಡಿ

ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇಲ್ಲದೆ ನೀವು ಪದವೀಧರರು, ನರ್ಸ್ ಅಲ್ಲ. ಜಿಎನ್‌ಎಂ ಆಗಲಿ, ಬಿಎಸ್ಸಿ ಆಗಲಿ, ನಿಯಮ ಒಂದೇ. ಪ್ರೊವಿಷನಲ್ ಸರ್ಟಿಫಿಕೇಟ್, ಎಲ್ಲ ವರ್ಷದ ಅಂಕಪಟ್ಟಿ, ಕೋರ್ಸ್ ಮುಗಿಸಿದ ಪತ್ರ ಇವುಗಳನ್ನು ಕಾಲೇಜಿನ ಕಚೇರಿಯಿಂದ ಬೇಗ ಬಿಡಿಸಿಕೊಳ್ಳಿ. ನೋಂದಣಿ ಅರ್ಜಿಯ ಸ್ವೀಕೃತಿ ಕೈಯಲ್ಲಿದ್ದರೂ ಸಂದರ್ಶನಕ್ಕೆ ಕರೆಯುವ ಆಸ್ಪತ್ರೆಗಳಿವೆ. ಅರ್ಜಿಯನ್ನೇ ಹಾಕದವರನ್ನು ಎಚ್‌ಆರ್ ವಿಭಾಗ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ.

4. ಎಲ್ಲ ದಾಖಲೆಯಲ್ಲೂ ಒಂದೇ ಹೆಸರು

ಕರಾವಳಿಯ ಮಕ್ಕಳಿಗೆ ಇದೊಂದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಮುಂದೆ ಶೆಟ್ಟಿ ಅಥವಾ ಪೂಜಾರಿ, ಕಾಲೇಜಿನ ದಾಖಲೆಯಲ್ಲಿ ಅಪ್ಪನ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಮದುವೆಯಾದರೆ ಮತ್ತೊಂದು ಸೇರುತ್ತದೆ. ಸ್ಥಳೀಯ ಆಸ್ಪತ್ರೆ ಇದನ್ನು ಅಫಿಡವಿಟ್ ತೆಗೆದುಕೊಂಡು ಬಿಡಬಹುದು. ಮುಂದೆ ಕೊಲ್ಲಿ ದೇಶಕ್ಕೋ ಇಂಗ್ಲೆಂಡಿಗೋ ಹೊರಟಾಗ ಪ್ರಮಾಣಪತ್ರಗಳ ಪರಿಶೀಲನೆ ಇದೇ ಕಾರಣಕ್ಕೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಈ ಕೆಲಸವನ್ನು ಶುಶ್ರೂಷಾ ಪರಿಷತ್ತಿನ ಅರ್ಜಿ ತುಂಬುವ ಮೊದಲೇ ಮುಗಿಸಿ.

5. ಹೆಪಟೈಟಿಸ್ ಬಿ ಲಸಿಕೆ: ಕೊನೆಯ ವರ್ಷ ಶುರುವಾದಾಗಲೇ

ಮೂರು ಡೋಸ್, ಮೊದಲನೆಯದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸಂದರ್ಶನದ ಹಿಂದಿನ ವಾರ ನೆನಪಾದರೆ ಪ್ರಯೋಜನವಿಲ್ಲ. ಮುಗಿದ ಮೇಲೆ ಟೈಟರ್ ಪರೀಕ್ಷೆ ಮಾಡಿಸಿ ವರದಿಯನ್ನು ಫೈಲಿಗೆ ಸೇರಿಸಿ. ಬಿಎಲ್‌ಎಸ್ ಕಾರ್ಡ್ ಎರಡು ವರ್ಷಕ್ಕೆ ಮುಗಿಯುತ್ತದೆ, ದಿನಾಂಕ ನೋಡಿಕೊಳ್ಳಿ.

6. ಬಯೋಡೇಟಾ ಒಂದೇ ಪುಟ, ನಿಜವೇ ಎಲ್ಲ

‘ಕಠಿಣ ಪರಿಶ್ರಮಿ, ತಂಡದಲ್ಲಿ ಕೆಲಸ ಮಾಡಬಲ್ಲೆ’ ಎಂಬ ಸಾಲು ಪ್ರತಿಯೊಬ್ಬರ ಬಯೋಡೇಟಾದಲ್ಲೂ ಇರುತ್ತದೆ. ಅದನ್ನು ತೆಗೆದುಹಾಕಿ. ಆ ಜಾಗದಲ್ಲಿ ನಿಮ್ಮ ಲಾಗ್‌ಬುಕ್ ಮಾತಾಡಲಿ: ಎಷ್ಟು ಹೆರಿಗೆ ನೋಡಿದ್ದೀರಿ, ಎಷ್ಟಕ್ಕೆ ಸಹಾಯ ಮಾಡಿದ್ದೀರಿ, ಎಷ್ಟು ನೀವೇ ಮಾಡಿಸಿದ್ದೀರಿ, ಕ್ಯಾನುಲಾ, ಕ್ಯಾಥೆಟರ್, ರೈಲ್ಸ್ ಟ್ಯೂಬ್ ಯಾವುದನ್ನು ಯಾರ ಮೇಲ್ವಿಚಾರಣೆಯಲ್ಲಿ ಹಾಕಿದ್ದೀರಿ, ಇಂಟರ್ನ್‌ಶಿಪ್‌ನಲ್ಲಿ ಯಾವ ವಾರ್ಡಿನಲ್ಲಿ ಎಷ್ಟು ವಾರ ಇದ್ದಿರಿ. ನೋಡಿದ್ದನ್ನು ಮಾಡಿದ್ದು ಎಂದು ಬರೆಯಬೇಡಿ. ಮೇಜಿನ ಆಚೆ ಕೂತವರು ಒಂದೇ ಪ್ರಶ್ನೆಯಲ್ಲಿ ಅದನ್ನು ಹಿಡಿಯುತ್ತಾರೆ, ಆಮೇಲೆ ಉಳಿದ ಸತ್ಯಕ್ಕೂ ಬೆಲೆ ಇರುವುದಿಲ್ಲ.

ಇಮೇಲ್ ವಿಳಾಸ ನಿಮ್ಮ ಹೆಸರಿನಲ್ಲೇ ಇರಲಿ. ಪರಿಚಯ ಹೇಳಬಲ್ಲ ಇಬ್ಬರ ಹೆಸರು ಕೊಡಿ, ಒಬ್ಬರು ಕಾಲೇಜಿನವರು, ಇನ್ನೊಬ್ಬರು ನೀವು ಪೋಸ್ಟಿಂಗ್‌ನಲ್ಲಿದ್ದ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಹೆಸರು ಕೊಡುವ ಮೊದಲು ಅವರನ್ನು ಕೇಳಿ.

7. ಜಾಹೀರಾತಿಗೆ ಕಾಯಬೇಡಿ

1970ರಿಂದ ಮಣಿಪಾಲದಿಂದಲೇ ಪ್ರಕಟವಾಗುತ್ತಿರುವ ಉದಯವಾಣಿಯಲ್ಲಿ ವಾಕ್-ಇನ್ ಸಂದರ್ಶನದ ಜಾಹೀರಾತು ಬರುತ್ತದೆ, ಆಸ್ಪತ್ರೆಗಳ ಜಾಲತಾಣದಲ್ಲೂ ಬರುತ್ತದೆ. ಸಣ್ಣ ಆಸ್ಪತ್ರೆಗಳು ಜಾಹೀರಾತು ಕೊಡುವುದು ಕಡಿಮೆ. ಅಲ್ಲಿಗೆ ನೇರ ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನು ಯಾವಾಗ ಕಾಣಬಹುದು ಎಂದು ವಿಚಾರಿಸಿ, ಬಯೋಡೇಟಾ ಕೊಟ್ಟು ಬನ್ನಿ. ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿನಲ್ಲಿ ಹೋಗಬೇಡಿ, ಹನ್ನೊಂದರ ಮೇಲೆ ಹೋಗಿ. ಕೆಲಸ ಕೊಡಿಸುತ್ತೇನೆ ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

8. ಲೆಕ್ಕ ಬಾಯಿಪಾಠವಲ್ಲ, ಕೈಪಾಠ ಆಗಿರಲಿ

ಲಿಖಿತ ಪರೀಕ್ಷೆ ಇರಲಿ, ಇಲ್ಲದಿರಲಿ, ಔಷಧದ ಲೆಕ್ಕ ಒಂದಾದರೂ ಬಂದೇ ಬರುತ್ತದೆ. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿಲಿಗೆ 20 ಹನಿ. ಗಂಟೆಗೆ 125 ಮಿಲಿ, ನಿಮಿಷಕ್ಕೆ ಸುಮಾರು 42 ಹನಿ. ಇದು ಎಲ್ಲರಿಗೂ ಬರುತ್ತದೆ. ಸೋಲುವುದು ಮುಂದಿನ ಎರಡರಲ್ಲಿ.

ಮೊದಲನೆಯದು ಮಕ್ಕಳ ಜ್ವರದ ಸಿರಪ್. ಹನ್ನೆರಡು ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಬರೆದಿದ್ದಾರೆ, ಅಂದರೆ 180 ಮಿಲಿಗ್ರಾಂ. ಎಷ್ಟು ಮಿಲಿ ಕೊಡುತ್ತೀರಿ? ಥಟ್ಟನೆ ಉತ್ತರ ಹೇಳಿದವರು ಬಾಟಲಿ ನೋಡಿಲ್ಲ. ನಮ್ಮ ಅಂಗಡಿಗಳಲ್ಲಿ 5 ಮಿಲಿಗೆ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಮೊದಲನೆಯದಾದರೆ 7.2 ಮಿಲಿ, ಎರಡನೆಯದಾದರೆ 3.6. ‘ಬಾಟಲಿ ಮೇಲೆ ಎಷ್ಟಿದೆ ಮೇಡಂ?’ ಎಂದು ತಿರುಗಿ ಕೇಳುವುದೇ ಸರಿಯಾದ ಉತ್ತರದ ಮೊದಲ ಅರ್ಧ.

ಎರಡನೆಯದು ಇನ್ಸುಲಿನ್. ನಮ್ಮ ದೇಶದಲ್ಲಿ ಮಿಲಿಗೆ 40 ಯೂನಿಟ್ ಇರುವ ವಯಲ್‌ಗಳೂ ಇವೆ, 100 ಯೂನಿಟ್ ಇರುವವೂ ಇವೆ. ಒಂದೊಂದಕ್ಕೂ ಬೇರೆ ಸಿರಿಂಜ್: 40ಕ್ಕೆ ಕೆಂಪು ಮುಚ್ಚಳದ್ದು, 100ಕ್ಕೆ ಕಿತ್ತಳೆ ಬಣ್ಣದ್ದು. ನೂರರ ಇನ್ಸುಲಿನನ್ನು ನಲವತ್ತರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 25 ಯೂನಿಟ್. ಶುಗರ್ ಇಳಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಇದನ್ನು ಒಮ್ಮೆ ಕೈಯಲ್ಲಿ ಎರಡೂ ಸಿರಿಂಜ್ ಹಿಡಿದು ನೋಡಿ ಅರ್ಥ ಮಾಡಿಕೊಂಡವರು ಮರೆಯುವುದಿಲ್ಲ. ಪುಸ್ತಕದಲ್ಲಿ ಓದಿದವರು ಸಂದರ್ಶನದ ಗಡಿಬಿಡಿಯಲ್ಲಿ ಮರೆಯುತ್ತಾರೆ.

9. ನಮ್ಮ ಜಿಲ್ಲೆಯ ಕಾಯಿಲೆಗಳನ್ನು ಓದಿ

ಪಠ್ಯಪುಸ್ತಕ ಎಲ್ಲ ಊರಿಗೂ ಒಂದೇ. ಕ್ಯಾಶುವಾಲ್ಟಿಗೆ ಬರುವ ರೋಗಿಗಳು ಹಾಗಲ್ಲ. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಇಲಿಜ್ವರ, ಪೇಟೆಯಲ್ಲಿ ಡೆಂಗಿ, ಮಲೇರಿಯಾ. ಮಲ್ಪೆ ಬಂದರಿನಿಂದ ಬಲೆಯ ಹಗ್ಗಕ್ಕೆ ಸಿಕ್ಕಿದ ಬೆರಳು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯಿಂದ ಘಟ್ಟ ಇಳಿದು ಬರುವವರಲ್ಲಿ ಮಂಗನ ಕಾಯಿಲೆ. ಡೆಂಗಿ ರೋಗಿಗೆ ಸ್ನಾಯುವಿಗೆ ಚುಚ್ಚುಮದ್ದು ಕೊಡುವುದನ್ನು ಏಕೆ ತಪ್ಪಿಸುತ್ತೇವೆ? ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ನೋಡದೆ ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ ಕಿರಿದಾಗುವುದನ್ನು ಏಕೆ ಗಮನಿಸುತ್ತೇವೆ? ಇಲಿಜ್ವರದಲ್ಲಿ ಮೂತ್ರದ ಪ್ರಮಾಣ ಏಕೆ ಅಷ್ಟು ಮುಖ್ಯ? ಇವಕ್ಕೆ ಎರಡೆರಡು ವಾಕ್ಯದ ಉತ್ತರ ಸಿದ್ಧವಿರಲಿ.

ಹಾವು ಕಡಿತವಂತೂ ಕಾರ್ಕಳ, ಹೆಬ್ರಿ ಕಡೆಯ ಆಸ್ಪತ್ರೆಗಳಿಗೆ ಹೊಸದಲ್ಲ. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಹೆಚ್ಚಾಗಿ ನರ್ಸ್ ಕೈಯಲ್ಲೇ ಮಾಡಿಸುತ್ತಾರೆ. ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ ಅಭಿಧಮನಿಯಿಂದ ತೆಗೆದ 2 ಮಿಲಿ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ನಿಲ್ಲಿಸಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಇನ್ನೂ ಹರಿದರೆ ವಿಷ ಮೈಗೇರಿದೆ ಎಂದು ಲೆಕ್ಕ. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ, ಸೋಪಿನ ಪಸೆ ಇರುವ ಟ್ಯೂಬ್ ಬಳಸಿದರೆ ಫಲಿತಾಂಶ ಕೆಡುತ್ತದೆ. ನಡುವೆ ಕುತೂಹಲಕ್ಕೆ ಟ್ಯೂಬ್ ಎತ್ತಿ ನೋಡಿದರೂ ಕೆಡುತ್ತದೆ. ಇಷ್ಟು ವಿವರವಾಗಿ ಹೇಳಬಲ್ಲ ಅಭ್ಯರ್ಥಿಯನ್ನು ಕಾರ್ಕಳದ ಯಾವ ಮೇಟ್ರನ್ ಕೂಡ ಬಿಟ್ಟುಕೊಡುವುದಿಲ್ಲ.

ಸೋಂಕು ನಿಯಂತ್ರಣದ ಪ್ರಶ್ನೆಗೂ ಇದೇ ಗಂಭೀರತೆ ಬೇಕು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಾಗ ಅದನ್ನು ಗುರುತಿಸಿದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಆ ರೋಗಿಗಳ ಆರೈಕೆ ಮಾಡಿದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುತ್ತುಶ್ಶೇರಿ ಅದೇ ಸೋಂಕಿಗೆ ಪ್ರಾಣ ಕೊಟ್ಟರು. ಕೈ ತೊಳೆಯುವ ಐದು ಸಂದರ್ಭಗಳು, ಹಳದಿ, ಕೆಂಪು, ಬಿಳಿ, ನೀಲಿ ಕಸದ ಡಬ್ಬಿಗಳು ಇವೆಲ್ಲ ಪರೀಕ್ಷೆಯ ಅಂಕಕ್ಕಾಗಿ ಇರುವುದಲ್ಲ ಎಂಬುದು ನಿಮ್ಮ ಮಾತಿನಲ್ಲಿ ಕಾಣಬೇಕು.

10. ‘ಗೊತ್ತಿಲ್ಲ’ ಎನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ

ಸಂದರ್ಶನದಲ್ಲಿ ಅತಿ ಮುಖ್ಯವಾದ ಸೂತ್ರ ಇದು. ಹೆಬ್ರಿ ಕಡೆಯ ಒಬ್ಬ ಹುಡುಗಿಗೆ ಹೆರಿಗೆ ವಾರ್ಡಿನ ಪ್ರಶ್ನೆ ಕೇಳಲಾಯಿತು: ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಶಿಯಂ ಸಲ್ಫೇಟ್ ಕೊಡುತ್ತಿದ್ದೀರಿ, ಮುಂದಿನ ಡೋಸಿಗೆ ಮುನ್ನ ಏನು ನೋಡುತ್ತೀರಿ? ಅವಳು ಮೊಣಕಾಲಿನ ರಿಫ್ಲೆಕ್ಸ್, ಉಸಿರಾಟ ಎರಡನ್ನು ಹೇಳಿದಳು. ಮೂರನೆಯದು ನೆನಪಾಗಲಿಲ್ಲ. ‘ಇನ್ನೊಂದು ಇದೆ ಮೇಡಂ, ಈಗ ನೆನಪಾಗ್ತಿಲ್ಲ. ವಾರ್ಡಿನಲ್ಲಾದರೆ ಪ್ರೊಟೋಕಾಲ್ ಚಾರ್ಟ್ ನೋಡದೆ, ಸೀನಿಯರ್ ಸಿಸ್ಟರನ್ನು ಕೇಳದೆ ಮುಂದಿನ ಡೋಸ್ ಕೊಡುವುದಿಲ್ಲ. ಕ್ಯಾಲ್ಸಿಯಂ ಗ್ಲುಕೋನೇಟ್ ಟ್ರೇಯಲ್ಲಿ ರೆಡಿ ಇಟ್ಟಿರುತ್ತೇನೆ’ ಎಂದಳು. ಮೂರನೆಯದು ಮೂತ್ರದ ಪ್ರಮಾಣ. ಅದನ್ನು ಥಟ್ಟನೆ ಹೇಳಿದವರು ಆ ದಿನ ಬೇರೆ ಇದ್ದರು. ಆಯ್ಕೆಯಾದದ್ದು ಇವಳು.

ಊಹಿಸಿ ಹೇಳುವವರನ್ನು ಕಂಡರೆ ಅನುಭವಿ ಸಿಸ್ಟರ್‌ಗಳಿಗೆ ಭಯವಾಗುತ್ತದೆ, ಏಕೆಂದರೆ ರಾತ್ರಿ ಎರಡು ಗಂಟೆಗೂ ಅವರು ಊಹಿಸುತ್ತಾರೆ. ಗೊತ್ತಿಲ್ಲದ್ದನ್ನು ಒಪ್ಪಿ, ಯಾರನ್ನು ಕೇಳುತ್ತೀರಿ, ಅಷ್ಟರವರೆಗೆ ರೋಗಿಯನ್ನು ಸುರಕ್ಷಿತವಾಗಿ ಇಡಲು ಏನು ಮಾಡುತ್ತೀರಿ ಎಂದು ಹೇಳಿ. ಅನುಮಾನ ಬಂದಾಗ ನಿಲ್ಲುವ ನರ್ಸನ್ನೇ ಆಸ್ಪತ್ರೆ ಹುಡುಕುತ್ತಿರುತ್ತದೆ.

11. ತಪ್ಪಿನ ಪ್ರಶ್ನೆಗೆ ನೇರ ಉತ್ತರ

‘ತಪ್ಪು ಔಷಧ ಕೊಟ್ಟಿರಿ ಎಂದು ಗೊತ್ತಾಯಿತು. ಏನು ಮಾಡುತ್ತೀರಿ?’ ‘ನಾನು ತಪ್ಪು ಮಾಡುವುದೇ ಇಲ್ಲ’ ಎನ್ನುವುದು ಉತ್ತರವಲ್ಲ. ಮೊದಲು ರೋಗಿಯ ಬಳಿ ಹೋಗಿ ನಾಡಿ, ಬಿಪಿ, ಉಸಿರಾಟ, ಪ್ರಜ್ಞೆ ನೋಡುವುದು. ತಕ್ಷಣ ಡ್ಯೂಟಿ ಡಾಕ್ಟರ್‌ಗೆ, ಇನ್‌ಚಾರ್ಜ್‌ಗೆ ಹೇಳುವುದು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಕೇಸ್ ಶೀಟಿನಲ್ಲಿ ಬರೆಯುವುದು, ಹಳೆಯ ಸಾಲು ಅಳಿಸದಿರುವುದು. ಆಮೇಲೆ ಇನ್ಸಿಡೆಂಟ್ ರಿಪೋರ್ಟ್. ಈ ಕ್ರಮ ತಪ್ಪಬಾರದು: ರೋಗಿ ಮೊದಲು, ಕಾಗದ ಆಮೇಲೆ.

12. ಭಾಷೆ ನಿಮ್ಮ ಅರ್ಹತೆ, ಹಾಗೆಂದು ಹೇಳಿ

ಇಂಗ್ಲಿಷ್ ತಡವರಿಸುತ್ತದೆ ಎಂದು ಕುಗ್ಗುವ ಮಕ್ಕಳು ತಮಗೆ ಗೊತ್ತಿರುವ ನಾಲ್ಕು ಭಾಷೆಯನ್ನು ಬಯೋಡೇಟಾದ ಕೊನೆಯ ಸಾಲಿಗೆ ತಳ್ಳುತ್ತಾರೆ. ಕಾಪುವಿನ ಮೊಗವೀರ ಅಜ್ಜಿಗೆ ‘ಓಲು ಬೇನೆ ಆಪುಂಡು?’ ಎಂದು ತುಳುವಿನಲ್ಲಿ ಕೇಳಿದರೆ ಬೆರಳಿಟ್ಟು ಜಾಗ ತೋರಿಸುತ್ತಾರೆ. ಅದೇ ಪ್ರಶ್ನೆ ಗ್ರಾಂಥಿಕ ಕನ್ನಡದಲ್ಲಿ ಬಂದರೆ ‘ಏನಿಲ್ಲ ಮಗಾ’ ಎಂದು ಸುಮ್ಮನಾಗುತ್ತಾರೆ. ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಮಲಯಾಳಂ, ದಾವಣಗೆರೆ, ಹಾವೇರಿಯಿಂದ ಮಣಿಪಾಲಕ್ಕೆ ಬರುವವರ ಉತ್ತರದ ಕನ್ನಡ, ಇವುಗಳಲ್ಲಿ ಯಾವುದು ಬರುತ್ತದೋ ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿ. ಹೊರ ರಾಜ್ಯದಿಂದ ಬಂದು ಇಲ್ಲಿ ಓದಿದವರು ನೋವು, ಉಸಿರು, ಊಟ, ಮೂತ್ರ, ನಿದ್ದೆ ಇಷ್ಟನ್ನು ಕೇಳುವಷ್ಟು ತುಳು, ಕನ್ನಡವನ್ನಾದರೂ ಕಲಿತು ಬನ್ನಿ.

ಇಂಗ್ಲಿಷ್‌ನಲ್ಲಿ ಬೇಕಾದದ್ದು ಅಲಂಕಾರವಲ್ಲ. ವೈದ್ಯರಿಗೆ ಫೋನಿನಲ್ಲಿ ರೋಗಿಯ ಸ್ಥಿತಿ ಹೇಳುವ ಐದಾರು ಸ್ಪಷ್ಟ ವಾಕ್ಯ. ಯಾರು ಮಾತಾಡುತ್ತಿದ್ದೇನೆ, ಯಾವ ರೋಗಿ, ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನು ಅನಿಸುತ್ತಿದೆ, ನಿಮ್ಮಿಂದ ಏನು ಬೇಕು. ಈ ಕ್ರಮದಲ್ಲಿ ಗೆಳತಿಯ ಜತೆ ಫೋನಿನಲ್ಲಿ ದಿನಕ್ಕೊಂದು ಕೇಸ್ ಹೇಳಿ ಅಭ್ಯಾಸ ಮಾಡಿ.

13. ‘ನರ್ಸಿಂಗ್ ಏಕೆ?’ ಎಂದರೆ ನಿಜ ಹೇಳಿ

ಪಿಯುಸಿ ಆದ ಮೇಲೆ ಮನೆಯವರು ಕೆಲಸ ಗ್ಯಾರಂಟಿ ಎಂದು ಸೇರಿಸಿದರು ಎನ್ನುವುದು ನಾಚಿಕೆಯ ಮಾತಲ್ಲ. ಸೇರಿದ ಮೇಲೆ ಯಾವ ದಿನ, ಯಾವ ರೋಗಿಯ ಬಳಿ ಇದು ನನ್ನ ಕೆಲಸ ಅನಿಸಿತು ಎಂಬುದನ್ನು ಜತೆಗೆ ಹೇಳಿ. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಹೇಳಿ ಶುರುಮಾಡುವ ಉತ್ತರವನ್ನು ಸಂದರ್ಶಕರು ಆ ದಿನ ಆಗಲೇ ಹಲವು ಸಲ ಕೇಳಿರುತ್ತಾರೆ.

14. ಉಡುಪು ಸರಳ, ಉಗುರು ಗಿಡ್ಡ

ಇಸ್ತ್ರಿ ಮಾಡಿದ ಚೂಡಿದಾರ್ ಅಥವಾ ಸೀರೆ, ಹುಡುಗರಾದರೆ ತುಂಬು ತೋಳಿನ ಅಂಗಿ. ಉಂಗುರ, ನೇಲ್ ಪಾಲಿಶ್ ಬೇಡ. ಮ್ಯಾನಿಕಿನ್ ಮೇಲೆ ಕ್ಯಾನುಲಾ ಹಾಕಿ ತೋರಿಸಿ ಎಂದರೆ ಮೊದಲು ಕೈ ತೊಳೆಯಿರಿ. ಮಳೆಗಾಲವಾದರೆ ಕಾಗದಪತ್ರ ಪ್ಲಾಸ್ಟಿಕ್ ಫೈಲಿನಲ್ಲಿರಲಿ, ಒಂದು ಬಸ್ ಮುಂಚೆ ಹೊರಡಿ.

15. ಕೊನೆಯಲ್ಲಿ ನೀವೂ ಕೇಳಿ

‘ಏನಾದರೂ ಕೇಳುವುದಿದೆಯೇ?’ ಎಂದಾಗ ತಲೆಯಾಡಿಸಿ ಎದ್ದು ಬರಬೇಡಿ. ಈ ನಾಲ್ಕನ್ನು ವಿನಯದಿಂದ ಕೇಳಿ. ಓರಿಯೆಂಟೇಶನ್ ಎಷ್ಟು ವಾರ? ಆ ಅವಧಿಯಲ್ಲಿ ನನ್ನ ಜತೆ ಇರುವ ಸೀನಿಯರ್ ಯಾರು, ಅವರ ಶಿಫ್ಟಿಗೇ ನನ್ನನ್ನೂ ಹಾಕುತ್ತೀರಾ? ರಾತ್ರಿ ಡ್ಯೂಟಿ ಯಾವಾಗಿನಿಂದ, ಎಷ್ಟು ರೋಗಿಗಳಿಗೆ ಎಷ್ಟು ನರ್ಸ್? ಸಂಜೆ ಪಾಳಿ ಎಂಟು ಗಂಟೆಗೆ ಮುಗಿದರೆ ಹಾಸ್ಟೆಲ್ ಅಥವಾ ವಾಹನದ ವ್ಯವಸ್ಥೆ ಇದೆಯೇ? ಕೊನೆಯದು ಕಾರ್ಕಳ, ಕಾಪುವಿನ ಒಳಹಳ್ಳಿಗಳಿಂದ ಬರುವವರಿಗೆ ಪ್ರಾಣದ ಪ್ರಶ್ನೆ. ಹೆದ್ದಾರಿಯವರೆಗೆ ಬಸ್ ಸಿಕ್ಕರೂ ಅಲ್ಲಿಂದ ಮನೆಯವರೆಗೆ ಕತ್ತಲಲ್ಲಿ ನಡೆಯಬೇಕು.

ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ಐಸಿಯುಗೆ ಹೊಸಬರನ್ನು ತೆಗೆದುಕೊಳ್ಳುವ ಆಸ್ಪತ್ರೆ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡದೆ ಮಾತು ಮರೆಸಿದರೆ, ನಿಮಗೆ ಉತ್ತರ ಸಿಕ್ಕಿದೆ ಎಂದೇ ತಿಳಿಯಿರಿ. ಈ ಪ್ರಶ್ನೆಗಳನ್ನು ಕೇಳಿದ್ದಕ್ಕೆ ಕೆಲಸ ತಪ್ಪೀತು ಎಂಬ ಭಯ ಬೇಡ. ಕಲಿಸುವ ಆಸ್ಪತ್ರೆಗೆ ಇಂಥ ಪ್ರಶ್ನೆ ಕೇಳುವವರು ಇಷ್ಟವಾಗುತ್ತಾರೆ.

16. ಸಂಬಳ, ಬಾಂಡ್, ಮೂಲ ದಾಖಲೆ

ಸುಪ್ರೀಂ ಕೋರ್ಟಿನ 2016ರ ನಿರ್ದೇಶನದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಖಾಸಗಿ ನರ್ಸ್‌ಗಳ ವೇತನಕ್ಕೆ ಮಾರ್ಗಸೂಚಿ ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ವೇತನ, 100ರ ಮೇಲಿದ್ದರೆ ಅದಕ್ಕಿಂತ ಶೇಕಡ 10ರಷ್ಟು ಮಾತ್ರ ಕಡಿಮೆ, 50ರಿಂದ 100 ಇದ್ದರೆ ಶೇಕಡ 25, ಐವತ್ತಕ್ಕಿಂತ ಕಡಿಮೆ ಇದ್ದರೂ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ಮಾರ್ಗಸೂಚಿ ಎಂದರೆ ಕಡ್ಡಾಯವಲ್ಲ, ಹಾಗಾಗಿ ಪಾಲನೆ ಆಗಿದ್ದು ಬಹಳ ಕಡಿಮೆ. ಇದು ಅನ್ಯಾಯ. ಆದರೂ ಈ ಅಂಕಿಗಳು ನಿಮಗೆ ಗೊತ್ತಿರಬೇಕು, ಮಾತುಕತೆಗೆ ಕೂತಾಗ ಎಲ್ಲಿ ನಿಂತಿದ್ದೀರಿ ಎಂಬುದು ತಿಳಿಯುತ್ತದೆ.

ಟ್ರೈನಿ ಅವಧಿ ಎಷ್ಟು ತಿಂಗಳು, ಆಮೇಲೆ ಎಷ್ಟು ಸಂಬಳ, ಪಿಎಫ್, ಇಎಸ್‌ಐ ಇದೆಯೇ ಎಂಬುದೆಲ್ಲ ಆದೇಶ ಪತ್ರದಲ್ಲಿ ಬರಹದಲ್ಲಿ ಇರಲಿ. ಬಾಂಡ್‌ಗೆ ಸಹಿ ಹಾಕುವ ಮೊದಲು ಮನೆಗೆ ತಂದು ಓದಿ, ಗೊತ್ತಿದ್ದವರಿಗೆ ತೋರಿಸಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ಅದೇ ದಿನ ವಾಪಸ್ ತೆಗೆದುಕೊಳ್ಳಿ, ಒತ್ತೆ ಇಡಬೇಡಿ. ನನಗೆ ಪರಿಚಯದ ಒಬ್ಬಳ ಅಂಕಪಟ್ಟಿ ಹಳೆಯ ಆಸ್ಪತ್ರೆಯೊಂದರ ಬೀರುವಿನಲ್ಲೇ ಉಳಿದು, ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಯ ದಿನ ಅವಳು ಬರಿಗೈಯಲ್ಲಿ ನಿಂತಳು.

17. ಸರ್ಕಾರಿ ಪರೀಕ್ಷೆ, ವಿದೇಶ: ಕೆಲಸದ ಜತೆಗೇ

ಏಮ್ಸ್ ಆಸ್ಪತ್ರೆಗಳ ನಾರ್ಸೆಟ್ ಪರೀಕ್ಷೆಯನ್ನು ಬಿಎಸ್ಸಿ ಮುಗಿಸಿ ನೋಂದಣಿಯಾದವರು ಅನುಭವ ಇಲ್ಲದೆಯೂ ಬರೆಯಬಹುದು. ಜಿಎನ್‌ಎಂ ಓದಿದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಜಿಎನ್‌ಎಂನವರು ಮೊದಲ ಕೆಲಸಕ್ಕೆ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಸೇರುವ ಮುನ್ನ ಇದನ್ನು ನೆನಪಿಡಲೇಬೇಕು. ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಳೆಯುತ್ತಾರೆ. ಮನೆಯಲ್ಲಿ ಕೂತು ವರ್ಷವಿಡೀ ಓದುವವರಿಗಿಂತ, ವಾರ್ಡಿನಲ್ಲಿ ಕಂಡದ್ದನ್ನು ರಾತ್ರಿ ಪುಸ್ತಕದಲ್ಲಿ ಹುಡುಕುವವರಿಗೆ ಇಂಥ ಪರೀಕ್ಷೆ ಹೆಚ್ಚು ಒಲಿಯುತ್ತದೆ.

ಕೊಲ್ಲಿ ದೇಶಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಪತ್ರ ಕೇಳುತ್ತಾರೆ. ಅದರಲ್ಲಿ ಹಾಸಿಗೆಗಳ ಸಂಖ್ಯೆ, ನೀವಿದ್ದ ವಿಭಾಗ, ತಾರೀಕು ಮೂರೂ ಇರುವಂತೆ ನೋಡಿಕೊಳ್ಳಿ. ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಿ.

18. ಆಯ್ಕೆಯಾಗದಿದ್ದರೆ ಕಾರಣ ಕೇಳಿ

ಎರಡು ದಿನ ಬಿಟ್ಟು ಫೋನ್ ಮಾಡಿ, ಎಲ್ಲಿ ಕಡಿಮೆಯಾಯಿತು ಎಂದು ಕೇಳಿ. ಹೇಳುವವರು ಹೇಳುತ್ತಾರೆ. ಹುದ್ದೆಗಳು ಇದೇ ಜಿಲ್ಲೆಯಲ್ಲಿ ಮತ್ತೆ ಮತ್ತೆ ಖಾಲಿಯಾಗುತ್ತವೆ, ಅದೇ ಮೇಜಿನ ಮುಂದೆ ಮತ್ತೆ ಕೂರುವ ದಿನ ಬರುತ್ತದೆ.

ಇಷ್ಟೂ ಸೂತ್ರ ಹೊಸಬರಿಗೆ. ಇದನ್ನು ಓದುವ ಇನ್‌ಚಾರ್ಜ್ ಸಿಸ್ಟರ್‌ಗಳಿಗೆ, ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳಿಗೆ ನನ್ನದೊಂದು ಮನವಿ ಇದೆ. ಹೊಸದಾಗಿ ಸೇರುವವರ ಆದೇಶ ಪತ್ರದಲ್ಲೇ ಅವರಿಗೆ ಕಲಿಸುವ ಒಬ್ಬ ಸೀನಿಯರ್ ಹೆಸರು ಬರೆದು ಕೊಡಿ, ಮತ್ತು ಮೊದಲ ಮೂರು ತಿಂಗಳು ಅವರನ್ನು ರಾತ್ರಿ ಡ್ಯೂಟಿಗೆ ಒಬ್ಬರನ್ನೇ ಹಾಕಬೇಡಿ.